ಪಟ್ಟಿಯಲ್ಲಿ ಮೊದಲ ಮನೆ

ಮಾರ್ಚ್ 3, ಸೋಮವಾರ

ಗುಬ್ಬಿ,

ನಾನು ಈ ಮನೆಯ ಹಿರಿಯ ಮಗಳು. ಅಪ್ಪ ಬಂದರಿನ ಎದುರು ಕಟ್ಟಿದ ಹನ್ನೆರಡು ಕೋಣೆಗಳ ವಸತಿಗೃಹವನ್ನು ಮೂವತ್ತಮೂರು ವರ್ಷಗಳಿಂದ ನಡೆಸಿಕೊಂಡು ಬಂದವಳು. ಬಂದರು ರಸ್ತೆಯ ವಸತಿಗೃಹಗಳ ಸಂಘಕ್ಕೆ ಹನ್ನೊಂದು ವರ್ಷದಿಂದ ಅಧ್ಯಕ್ಷೆ, ಪ್ರತಿಸಲವೂ ಅವಿರೋಧವಾಗಿ. ಓದಿದ್ದು ಹೈಸ್ಕೂಲಿನವರೆಗೆ, ಅದರ ಮೇಲಿನದನ್ನು ಕೌಂಟರಿನ ಹಿಂದೆ ಕೂತು ಕಲಿತೆ. ಬಂದವರ ಚಪ್ಪಲಿ ನೋಡಿದರೆ ಸಾಕು, ಎಷ್ಟು ದಿನ ಇರುತ್ತಾರೆ, ಹೋಗುವಾಗ ಟವೆಲ್ಲು ಒಯ್ಯುತ್ತಾರೋ ಇಲ್ಲವೋ ಹೇಳಿಬಿಡುತ್ತೇನೆ. ಇದೆಲ್ಲ ನಿನಗೆ ಗೊತ್ತಿಲ್ಲದ್ದಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ನಾನು ಯಾರೆಂಬುದೇ ನನಗೆ ಮರೆತುಹೋಗಿತ್ತು.

ನಾಲ್ಕನೇ ನಂಬರಿನಲ್ಲಿ ಇಬ್ಬರು ಹುಡುಗರಿದ್ದರು. ಮೂವತ್ತರ ಆಸುಪಾಸು. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು. ಹೊದ್ದ ಚಾದರವನ್ನು ತಾವೇ ಮಡಚಿಟ್ಟಿದ್ದರು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಆ ಕೆಲಸ ಒಂದು ದಿನ ಮಾಡಿದ್ದಿಲ್ಲ. ಹೊರಡುವಾಗ ಒಬ್ಬ ಕೌಂಟರಿಗೆ ಬಂದು, "ಅಮ್ಮಾ, ನಿಮ್ಮ ಮನೆ ಬಗ್ಗೆ ಓದಿದ್ದೆಲ್ಲ ನಿಜ. ನಮ್ಮಂಥೋರಿಗೆ ಇಂಥ ಜಾಗ ಸಿಗೋದು ಕಷ್ಟ," ಎಂದ.

"ನಿಮ್ಮಂಥೋರು ಅಂದ್ರೆ?" ಎಂದೆ. ಸಣ್ಣ ಸಂಬಳದ ಹುಡುಗರು, ಕೈ ಬಿಗಿ ಇರಬೇಕು ಅಂದುಕೊಂಡೆ.

ಅವನು ಫೋನು ತಿರುಗಿಸಿ ತೋರಿಸಿದ. ಕನ್ನಡಕ ಹಾಕಿಕೊಂಡು ಓದಿದೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಓದಿದೆ. ಗಂಡಸು ಗಂಡಸಿನ ಜೊತೆ, ಹೆಂಗಸು ಹೆಂಗಸಿನ ಜೊತೆ ಸಂಸಾರ ಹೂಡುತ್ತಾರಲ್ಲ, ಅಂಥ ಪ್ರಯಾಣಿಕರನ್ನು ಪ್ರೀತಿಯಿಂದ ಬರಮಾಡಿಕೊಳ್ಳುವ ಮನೆಗಳ ಪಟ್ಟಿ ಅದು. ನಮ್ಮ ಊರಿನಲ್ಲಿ ಆರು ಮನೆ. ಮೊದಲನೆಯದು ನಮ್ಮದು!

ಕೆಳಗೆ ಯಾರು ಯಾರೋ ಬರೆದಿದ್ದಾರೆ. "ಮಾಲೀಕರು ನೋಡೋಕೆ ಪೊಲೀಸ್ ಇನ್‌ಸ್ಪೆಕ್ಟರ್ ಥರ, ಆದ್ರೆ ಒಂದು ಪ್ರಶ್ನೆ ಕೇಳೋದಿಲ್ಲ." ಇನ್ನೊಬ್ಬ: "ಇಬ್ಬರೂ ಗಂಡಸರು ಅಂದ ತಕ್ಷಣ ಅವರ ಮುಖ ಅರಳಿತು, ಕೀ ಕೊಟ್ಟರು." ಮತ್ತೊಬ್ಬ: "ರಾತ್ರಿ ಚಳಿ ಇರುತ್ತೆ, ಒಂದು ಕಂಬಳಿ ಸಾಕಾ ಅಂತ ತಾವೇ ಕೇಳಿದರು. ನಮಗೆ ಕಣ್ಣು ತುಂಬಿಬಂತು."

ಗುಬ್ಬಿ, ಮುಖ ಅರಳಿದ್ದು ಹೌದು! ನಮ್ಮ ಬಾಗಿಲ ಪಕ್ಕ ನಾನೇ ಬರೆಸಿ ಹಾಕಿದ ಬೋರ್ಡು ನಿನಗೆ ನೆನಪಿರಬೇಕು: ಮದುವೆಯ ಕಾಗದವಿಲ್ಲದ ಗಂಡು-ಹೆಣ್ಣಿಗೆ ಕೋಣೆ ಇಲ್ಲ, ಗಂಡಸರು ಗಂಡಸರೊಂದಿಗೆ, ಹೆಂಗಸರು ಹೆಂಗಸರೊಂದಿಗೆ ಇರಬಹುದು. ಮರ್ಯಾದೆ ಉಳಿಸಿಕೊಳ್ಳಲು ಬರೆಸಿದ್ದು. ಓಡಿಬಂದ ಜೋಡಿಗಳ ಹಿಂದೆ ಅವರ ಅಪ್ಪಂದಿರು ದೊಣ್ಣೆ ಹಿಡಿದು ಬರುವುದು ತಪ್ಪಲಿ ಅಂತ ಬರೆಸಿದ್ದು. ಇಬ್ಬರು ಗಂಡಸರು ಬಂದರೆ ನನಗೆ ನೆಮ್ಮದಿ, ಅದಕ್ಕೇ ಮುಖ ಅರಳುತ್ತಿತ್ತು. ಅದನ್ನು ಇವರು ಹೀಗೆ ಓದಿಕೊಂಡಿದ್ದಾರೆ.

ಸೊಸೆಯನ್ನು ಕರೆದು ನಿಲ್ಲಿಸಿದೆ. ಅವಳು ಬಾಯಿ ಬಿಟ್ಟಳು: ಯಾವುದೋ ಪ್ರವಾಸದ ಕಂಪನಿಯವರು ಪ್ರಶ್ನೆಪತ್ರಿಕೆ ಕಳಿಸಿದ್ದರಂತೆ.

"ಇಬ್ಬರು ಗಂಡಸರು ಒಂದೇ ಕೋಣೆ ಕೇಳಿದ್ರೆ ಕೊಡ್ತೀರಾ ಅಂತಿತ್ತು ಅತ್ತೆ, ಹೌದು ಅಂದೆ. ಏನಾದ್ರೂ ಪ್ರಶ್ನೆ ಕೇಳ್ತೀರಾ ಅಂತಿತ್ತು, ಇಲ್ಲ ಅಂದೆ. ಎಷ್ಟು ವರ್ಷದಿಂದ ಈ ಪದ್ಧತಿ ಅಂತಿತ್ತು…"

"ಏನು ಬರೆದೆ?"

"ಮೂವತ್ತಮೂರು. ಸುಳ್ಳು ಬರೀಬೇಕಿತ್ತಾ?"

ಮಿಕ್ಕವರೆಲ್ಲ ಎರಡು ವರ್ಷ, ಮೂರು ವರ್ಷ. ಅದಕ್ಕೇ ನಾವು ಮೊದಲ ಸ್ಥಾನ. ಸಂಘದ ಕಾರ್ಯದರ್ಶಿಯ ಕಿವಿಗೆ ಇನ್ನೂ ಬಿದ್ದಿಲ್ಲ. ಬಿದ್ದರೆ ನನ್ನ ಕುರ್ಚಿಯ ಮೇಲೆ ಕಣ್ಣಿಟ್ಟಿರುವ ಆ ಮನುಷ್ಯ ಬಿಡುತ್ತಾನೆಯೇ? ನನಗೆ ಊಟ ಸೇರುತ್ತಿಲ್ಲ. ಫೋನು ಕೌಂಟರಿನಲ್ಲಿದೆ, ಮಾತಾಡಿದರೆ ಇಡೀ ಮನೆಗೆ ಕೇಳುತ್ತದೆ, ಅದಕ್ಕೇ ಕಾಗದ. ಏನು ಮಾಡಲಿ, ಬರೆ. ನಿನ್ನ ಜೊತೆ ಇರುವ ನರ್ಸಮ್ಮನಿಗೆ ಹೇಳು, ಮಂಡಿಯ ಮುಲಾಮು ಮುಗಿದಿದೆ.

ನಿನ್ನ ಅಕ್ಕ

•

ಮಾರ್ಚ್ 4, ಮಂಗಳವಾರ

ಅಕ್ಕಾ,

ಈ ಕಾಗದ ನಿನಗೆ ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಒಂಬತ್ತನೇ ತರಗತಿಯ ಭೂಗೋಳದ ಉತ್ತರಪತ್ರಿಕೆಗಳು ತಿದ್ದದೆ ಹಾಗೇ ಬಿದ್ದಿವೆ; ಮಕ್ಕಳು ಸಮುದ್ರಗಳನ್ನೆಲ್ಲ ಅದಲುಬದಲು ಮಾಡಿದ್ದಾರೆ. ಇರಲಿ.

ನಾನು ಪ್ರತಿವರ್ಷ ಎಂಟು ದಿನ ನಿನ್ನ ಹತ್ತಿರ ಬರುತ್ತೇನೆ, ಒಬ್ಬಳೇ. ನರ್ಸು ಇಲ್ಲೇ ಉಳಿಯುತ್ತಾಳೆ. ಇಪ್ಪತ್ತಾರು ವರ್ಷದಲ್ಲಿ ಅವಳು ಒಂದು ಸಲವೂ ಸಮುದ್ರ ನೋಡಿಲ್ಲ. ಈ ವರ್ಷ ಹೇಳಿದಳು: "ನಿಮ್ಮಕ್ಕನ ಮನೆ ಬೇಡ. ಅದೇ ಊರಲ್ಲಿ ಬೇರೆ ಎಲ್ಲಾದ್ರೂ ಕೋಣೆ ಹಿಡಿ. ನಿನ್ನ ಸಮುದ್ರ ನಂಗೂ ತೋರಿಸು." ನಮ್ಮ ವಯಸ್ಸಿನ ಇಬ್ಬರು ಹೆಂಗಸರನ್ನು ಮೇಲೆ ಕೆಳಗೆ ನೋಡದೆ ಒಳಗೆ ಬಿಡುವ ಜಾಗ ಯಾವುದು ಎಂದು ಫೋನಿನಲ್ಲಿ ಹುಡುಕಿದೆವು. ಅದಕ್ಕೆ ಒಂದು ಪಟ್ಟಿ ಇದೆ ಎಂದು ಯಾರೋ ಹೇಳಿದ್ದರು. ತೆರೆದೆವು.

ಮೊದಲ ಹೆಸರು ನಿನ್ನ ಮನೆಯದು.

ಫೋನು ಕೈಯಿಂದ ಜಾರಿ ಬಿತ್ತು, ಅದರ ಗಾಜು ಬಿರುಕು ಬಿಟ್ಟಿದೆ. ನರ್ಸು, "ಬೇರೆ ಯಾರೋ ಹಾಕಿರ್ಬೇಕು," ಎಂದಳು. ನಾನು ಹೇಳಿದೆ: ನಿನಗೆ ನಮ್ಮಕ್ಕ ಗೊತ್ತಿಲ್ಲ. ಅವಳ ಅಪ್ಪಣೆ ಇಲ್ಲದೆ ಆ ಮನೆಯ ಗೋಡೆಗೆ ಒಂದು ಕ್ಯಾಲೆಂಡರೂ ಏರುವುದಿಲ್ಲ. ಅವಳು ಬಾಯಲ್ಲಿ ಹೇಳುವವಳಲ್ಲ, ಮಾಡಿ ತೋರಿಸುವವಳು. ಅಪ್ಪ ಸತ್ತಾಗ ಅವಳು ಅಳಲಿಲ್ಲ. ಹನ್ನೆರಡು ಕೋಣೆಗೂ ಸುಣ್ಣ ಬಳಿಸಿದಳು.

ನಿನಗೆ ಯಾವಾಗ ಗೊತ್ತಾಯಿತು ಅಕ್ಕಾ? ನೀನೇ ತಂದ ಸಂಬಂಧಗಳನ್ನು ನಾನು ಒಂದೊಂದೇ ಬೇಡ ಎಂದಾಗಲೇ? ನನ್ನೊಂದಿಗೆ ಮದುವೆ ನಿಶ್ಚಯವಾದ ಮೇಲೆ ಸಮುದ್ರದಲ್ಲಿ ಮುಳುಗಿದ ಆ ಎಂಜಿನಿಯರನ ನೆನಪಿನಲ್ಲಿ ನಾನು ಹಾಗೇ ಉಳಿದೆ ಎಂದು ನೀನು ಎಲ್ಲರಿಗೂ ಹೇಳುವಾಗ ನಾನು ತಲೆ ತಗ್ಗಿಸಿ ಸುಮ್ಮನಿರುತ್ತಿದ್ದೆ. ನಾನು ಅವನನ್ನು ನೋಡಿದ್ದು ಎರಡೇ ಸಲ. ಅವನ ಮುಖವೂ ಈಗ ನೆನಪಿಲ್ಲ. ನನಗೆ ಇರುವುದು ಇವಳು. ಮೊದಲ ದಿನದಿಂದ ಇವಳೇ. ಇಷ್ಟು ಬರೆದುಬಿಟ್ಟೆ ನೋಡು, ಏನೂ ಆಗಲಿಲ್ಲ, ಸೂರು ಕುಸಿಯಲಿಲ್ಲ.

ಏಪ್ರಿಲ್ ಹನ್ನೆರಡಕ್ಕೆ ರಜೆ ಹಾಕಿ ಇಬ್ಬರೂ ಬರುತ್ತೇವೆ. ಅಮ್ಮನ ಕೋಣೆ ಬೇಡ, ಸಮುದ್ರದ ಕಡೆಯದು ಕೊಡು. ಒಂದೇ ಕೋಣೆ ಸಾಕು. ನರ್ಸು ಆಗಲೇ ಚಪ್ಪಲಿ ಕೊಂಡಿದ್ದಾಳೆ. ನೀನು ಮೊದಲು ಅದನ್ನೇ ನೋಡುತ್ತೀಯ ಎಂದು ನಾನು ಹೇಳಿದ್ದೇನೆ.

ನಿನ್ನ ಗುಬ್ಬಿ

•

ಮಾರ್ಚ್ 7, ಶುಕ್ರವಾರ

ಅಕ್ಕಾ,

ನಿನ್ನ ಮೂರನೇ ತಾರೀಕಿನ ಕಾಗದ ಈಗಷ್ಟೇ ಬಂತು. ಮೆಟ್ಟಿಲ ಮೇಲೆ ನಿಂತೇ ಓದಿದೆ. ಇನ್ನೂ ಒಳಗೆ ಹೋಗಿಲ್ಲ.

ನಾನು ನಾಲ್ಕನೇ ತಾರೀಕು ಒಂದು ಕಾಗದ ಹಾಕಿದ್ದೇನೆ. ಅದು ಬಂದಿದ್ದರೆ ಒಡೆಯಬೇಡ. ಒಡೆದಿದ್ದರೆ ಓದಬೇಡ. ಓದಿದ್ದರೆ

ಮುಲಾಮು ಬೇರೆ ಕಳಿಸುತ್ತೇನೆ.

ಗುಬ್ಬಿ

•

ಮಾರ್ಚ್ 8, ಶನಿವಾರ

ನಿನ್ನ ಕಾಗದ ಓದಿದೆ. ಎರಡು ಸಲ.

ನಾಲ್ಕನೇ ನಂಬರಿನ ಹುಡುಗರು ಫೋನು ತೋರಿಸಿದ ದಿನ ನನಗೆ ಆದದ್ದು ದಿಗಿಲು ಎಂದುಕೊಂಡಿದ್ದೆ. ಅದು ಏನೂ ಅಲ್ಲ. ಈಗಿನದನ್ನು ಕೇಳು. ಮೂರನೇ ನಂಬರಿನವರು ಬಿಸಿನೀರು ಕೇಳಿದರು, ನಾನು ಅವರಿಗೆ ಕೀ ಕೊಟ್ಟೆ.

ಇಪ್ಪತ್ತಾರು ವರ್ಷ! ನಿನ್ನ ಪರವಾಗಿ ನಾನು ಎಷ್ಟು ಜನರ ಬಾಯಿ ಮುಚ್ಚಿಸಿದ್ದೇನೆ ಗೊತ್ತೇ? "ಯಾಕಮ್ಮ ನಿನ್ನ ತಂಗಿಗೆ ಮದುವೆ ಇಲ್ಲ" ಎಂದು ಚಿಕ್ಕಮ್ಮ ಕೇಳಿದಾಗ, ಅವಳದ್ದು ಬೆಂಕಿಯಂಥ ಮನಸ್ಸು, ಒಬ್ಬನಿಗೆ ಕೊಟ್ಟದ್ದನ್ನು ಇನ್ನೊಬ್ಬನಿಗೆ ಕೊಡುವವಳಲ್ಲ, ಎಂದು ತಲೆ ಎತ್ತಿ ಹೇಳಿದವಳು ನಾನು. ಆ ಎಂಜಿನಿಯರನ ತಾಯಿಯ ಮನೆಗೆ ಹೋಗಿ ಆಕೆಯ ಜೊತೆ ಕೂತು ಅತ್ತು ಬಂದವಳು ನಾನು. ಅವನ ಮುಖ ನಿನಗೆ ನೆನಪೇ ಇಲ್ಲವಂತೆ. ನನಗೆ ನೆನಪಿದೆ!

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಊರವರ ಚಪ್ಪಲಿ ನೋಡಿ ಜಾತಕ ಹೇಳುವ ನಾನು ಒಡಹುಟ್ಟಿದವಳನ್ನು ಕಾಣದೆ ಹೋದೆ. ಬೇಕೆಂದೇ ಕಾಣದ ಹಾಗೆ ಮಾಡಿದೆ ನೀನು. ಬೇರೆಯವರ ಪಟ್ಟಿ ನೋಡಿ ಧೈರ್ಯ ಬಂತೇ? ಅಕ್ಕನ ಮುಖ ನೋಡಿ ಬರಲಿಲ್ಲವೇ?

ಏಪ್ರಿಲ್ ಹನ್ನೆರಡಕ್ಕೆ ಬರುವುದಾದರೆ ಒಬ್ಬಳೇ ಬಾ, ಅಮ್ಮನ ಕೋಣೆಯಲ್ಲಿ ಇರು. ಇಲ್ಲವಾದರೆ ಬರಬೇಡ.

ಮುಲಾಮು ಕಳಿಸುವುದು ಬೇಡ.

•

ಏಪ್ರಿಲ್ 2, ಬುಧವಾರ

ಗುಬ್ಬಿ,

ನಾನು ಬರೆದು ಇಪ್ಪತ್ತೈದು ದಿನವಾಯಿತು, ನಿನ್ನಿಂದ ಉತ್ತರವಿಲ್ಲ. ಎರಡು ಸಲ ಫೋನು ಮಾಡಿಸಿದೆ, ಎತ್ತಲಿಲ್ಲ ಎಂದು ಸೊಸೆ ಹೇಳಿದಳು. ಪರೀಕ್ಷೆಯ ಕೆಲಸ ಇರಬೇಕು. ಇಲ್ಲಿಯ ಸಂಗತಿ ತಿಳಿಸಲು ಬರೆಯುತ್ತಿದ್ದೇನೆ, ಬೇರೆ ಏನೂ ಇಲ್ಲ.

ಪಟ್ಟಿಯ ವಿಷಯ ಕಾರ್ಯದರ್ಶಿಗೆ ತಲುಪಿತು. ರಸ್ತೆಯ ಆ ಕಡೆಯಿಂದಲೇ ಕೂಗಿದ: "ಏನು ಅಧ್ಯಕ್ಷರೇ, ಫಸ್ಟ್ ರ‍್ಯಾಂಕ್ ಅಂತೆ! ಸ್ವೀಟ್ ಯಾವಾಗ?" ನಾನು ಕೂಗಿದೆ: "ನಿಮ್ಮ ಲಾಡ್ಜಿನ ತಿಗಣೆ ಖಾಲಿ ಆದ ದಿನ!" ಬಾಯಿಗೆ ಬಂದದ್ದು ಹೇಳಿ ಗೆದ್ದೆ, ಆದರೆ ಒಳಗೆ ಬಂದವಳೇ ರಸ್ತೆಯ ಕಡೆಯ ಕಿಟಕಿ ಮುಚ್ಚಿದೆ. ಮರುದಿನವೇ ಪೇಂಟರನ್ನು ಕರೆಸಿ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಬರೆಸಿದೆ: ಒಂದೇ ಕೋಣೆ ಕೇಳುವ ಇಬ್ಬರು ತಮ್ಮ ಸಂಬಂಧವನ್ನು ತಿಳಿಸತಕ್ಕದ್ದು.

ಅದರಿಂದ ಆದ ಫಜೀತಿ ಕೇಳು. ಕ್ರೇನು ಓಡಿಸುವ ಇಬ್ಬರು ಬಂದರು, ಒಂದೇ ಮೂಗು ಒಂದೇ ಗಲ್ಲ. "ನೀವಿಬ್ಬರೂ ಏನಾಗಬೇಕು?" ಎಂದೆ. ದೊಡ್ಡವನು, "ಅಣ್ಣ ತಮ್ಮ ಅಂತ ಕಾಗದದಲ್ಲಿದೆ. ಮನೆ ಪಾಲಾದ ಮೇಲೆ ಇವನು ನಂಗೆ ಏನೂ ಅಲ್ಲ," ಎಂದ. ಚಿಕ್ಕವನು, "ನಂಗೂ ಅಷ್ಟೇ, ಬರ್ಕೊಳ್ಳಿ," ಎಂದ. ಕೌಂಟರಿನ ಮುಂದೆಯೇ ಕೈ ಕೈ ಮಿಲಾಯಿಸಿದರು. ಇಬ್ಬರಿಗೂ ಬೇರೆ ಬೇರೆ ಕೋಣೆ ಕೊಡಬೇಕಾಯಿತು.

ಆಮೇಲೆ ಏಳನೇ ನಂಬರಿನವರು ಬಂದರು. ನಿನಗೂ ಹೇಳಿದ್ದೇನೆ, ಆ ಇಬ್ಬರು ವಯಸ್ಸಾದವರು. ಒಬ್ಬರು ಹಡಗುಗಳ ದಿಕ್ಸೂಚಿ ಸರಿಮಾಡುವವರು, ಇನ್ನೊಬ್ಬರು ನಿವೃತ್ತ ಪೋಸ್ಟ್‌ಮಾಸ್ಟರು. ಹತ್ತೊಂಬತ್ತು ವರ್ಷದಿಂದ ಮಾರ್ಚ್ ಕೊನೆಯ ವಾರ ಅದೇ ಕೋಣೆ. ದಿಕ್ಸೂಚಿಯವರು ಹಡಗಿಗೆ ಹೋದಾಗ ಪೋಸ್ಟ್‌ಮಾಸ್ಟರು ಕಿಟಕಿಯ ಹತ್ತಿರ ಕೂತು ಅವರ ಅಂಗಿಯ ಗುಂಡಿ ಹೊಲಿಯುತ್ತಿದ್ದರು. ನಾನು ಸೊಸೆಗೆ ತೋರಿಸಿ ಹೇಳುತ್ತಿದ್ದೆ: ನೋಡು, ಸ್ನೇಹ ಅಂದ್ರೆ ಇದು.

ಪೋಸ್ಟ್‌ಮಾಸ್ಟರು ರಿಜಿಸ್ಟರಿಗೆ ಸಹಿ ಹಾಕಲು ಪೆನ್ನು ತೆಗೆದರು. ನಾನು ಬೋರ್ಡು ತೋರಿಸಿದೆ. ನಿಯಮ ಎಂದರೆ ಎಲ್ಲರಿಗೂ ನಿಯಮ. "ನೀವಿಬ್ಬರೂ ಪರಸ್ಪರ ಏನಾಗಬೇಕು?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ಅಮ್ಮಾ," ಎಂದರು, "ಹತ್ತೊಂಬತ್ತು ವರ್ಷದಲ್ಲಿ ನೀವು ನಮ್ಮನ್ನ ಏನೇನೋ ಕೇಳಿದ್ದೀರಿ. ಬಿಸಿನೀರು ಬಂತಾ, ಕೆಮ್ಮು ಹೋಯ್ತಾ, ಇನ್ನೊಂದು ದಿಂಬು ಬೇಕಾ. ಇದೊಂದು ಕೇಳಿರ್ಲಿಲ್ಲ. ಅದಕ್ಕೇ ನಾವು ಬರ್ತಿದ್ದದ್ದು."

ಚೀಲ ಎತ್ತಿಕೊಂಡರು. ದಿಕ್ಸೂಚಿಯವರು ಬಾಗಿಲಲ್ಲಿ ಒಂದು ಸಲ ತಿರುಗಿ, ಏನೋ ಹೇಳಲು ಹೋಗಿ, ಕೈ ಮುಗಿದು ಹೊರಟರು. ಅವರ ಕೆಲಸ ಅರ್ಧದಲ್ಲೇ ಉಳಿಯಿತಂತೆ, ಸಂಜೆಯ ದೋಣಿ ಹತ್ತಿಬಿಟ್ಟರಂತೆ. ನನ್ನ ಪ್ರಶ್ನೆಗೆ ಒಬ್ಬ ಮನುಷ್ಯ ಕೈ ಮುಗಿದು ಹೊರಗೆ ಹೋದದ್ದು ಇದೇ ಮೊದಲು. ಟವೆಲ್ಲು ಕದ್ದವರೂ ಹಾಗೆ ಹೋದದ್ದಿಲ್ಲ.

ಏಳನೇ ನಂಬರು ಖಾಲಿ ಇದೆ. ಅದನ್ನು ಯಾರಿಗೂ ಕೊಡಲು ಮನಸ್ಸು ಬರುತ್ತಿಲ್ಲ. ಏಕೆಂದು ಕೇಳಬೇಡ.

ಪರೀಕ್ಷೆ ಎಂದು ಮುಗಿಯುತ್ತದೆ, ತಿಳಿಸು.

ಅಕ್ಕ

•

ಏಪ್ರಿಲ್ 16, ಬುಧವಾರ

ಅಕ್ಕನಿಗೆ,

ನಿಮ್ಮ ಎರಡೂ ಕಾಗದ ತಲುಪಿವೆ. ಪರೀಕ್ಷೆಗಳು ಮೇ ಮೂರಕ್ಕೆ ಮುಗಿಯುತ್ತವೆ. ಕೇಳಿದಿರಿ ಎಂದು ತಿಳಿಸಿದೆ.

ಹನ್ನೆರಡನೇ ತಾರೀಕು ಬರದೆ ಇದ್ದುದಕ್ಕೆ ನಿಮ್ಮ ಕಾಗದ ಒಂದೇ ಕಾರಣವಲ್ಲ. ಮಾರ್ಚ್ ಇಪ್ಪತ್ತರಂದು ನರ್ಸು ನಮ್ಮ ಮೆಟ್ಟಿಲಿನಲ್ಲಿ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಮೂಳೆ ಆಸ್ಪತ್ರೆಗೆ ಸೇರಿಸಿ ಸರಳು ಹಾಕಿಸಿದೆ. ಮೂವತ್ತು ವರ್ಷ ಇನ್ನೊಬ್ಬರ ಮಂಚದ ಪಕ್ಕ ನಿಂತವಳು ಮಂಚದ ಮೇಲೆ ಮಲಗಿದಳು.

ಆಪರೇಷನ್ನಿಗೆ ಮುಂಚೆ ಕಿಟಕಿಯಲ್ಲಿ ಒಂದು ಫಾರಂ ಕೊಟ್ಟರು. ನನ್ನ ಹಿಂದೆ ಹತ್ತು-ಹದಿನೈದು ಜನ. ಒಳಗಿನವಳು ಗಟ್ಟಿಯಾಗಿ ಕೇಳಿದಳು: "ಪೇಷೆಂಟಿಗೆ ನೀವು ಏನಾಗಬೇಕು?" ನಿಮ್ಮ ಬೋರ್ಡಿನಲ್ಲಿ ಹೊಸದಾಗಿ ಬರೆಸಿದ್ದೀರಲ್ಲ, ಅದೇ ಮಾತು. ನಾನು ಪೆನ್ನು ಹುಡುಕುವ ಹಾಗೆ ಚೀಲ ತಡಕಿದೆ. "ಬೇಗ ಹೇಳಮ್ಮ, ರಕ್ತಸಂಬಂಧ ಇಲ್ಲದವರ ಸಹಿ ನಡೆಯಲ್ಲ," ಎಂದಳು. ನಾನು "ತಂಗಿ" ಎಂದು ಬರೆದು ಸಹಿ ಹಾಕಿದೆ.

ಬರೆದದ್ದನ್ನು ಮತ್ತೊಮ್ಮೆ ಓದಿದೆ. ಸ್ವಂತ ಅಕ್ಕನಿಗೆ ತಂಗಿಯಾಗಿ ಉಳಿಯಲಿಲ್ಲ. ಇವಳಿಗೆ ತಂಗಿ ಎಂದು ಬರೆದುಕೊಟ್ಟೆ. ಆ ಕಾಗದದ ಮೇಲೆ ನಾನು ಇವಳಿಗೆ ಏನು ಎಂಬುದಕ್ಕೆ ಜಾಗವಿರಲಿಲ್ಲ. ಎಚ್ಚರವಾದ ಮೇಲೆ ಅವಳಿಗೆ ಹೇಳಿದೆ. ನೋವಿನಲ್ಲೂ ನಕ್ಕಳು. "ಹಾಗಾದ್ರೆ ನಂಗೂ ಒಬ್ಬಳು ಇನ್‌ಸ್ಪೆಕ್ಟರ್ ಅಕ್ಕ ಸಿಕ್ಕಿದ್ಳು ಅನ್ನು," ಎಂದಳು.

ಈಗ ಮನೆಗೆ ಕರೆತಂದಿದ್ದೇನೆ. ನನ್ನ ರಜೆ ಎಲ್ಲ ಮುಗಿದಿದೆ. ಬೆಳಿಗ್ಗೆ ಏಳೂವರೆಗೆ ಅವಳ ಪಕ್ಕದಲ್ಲಿ ನೀರು, ಬ್ರೆಡ್ಡು ಇಟ್ಟು ಹೋಗುತ್ತೇನೆ, ನಾಲ್ಕೂವರೆಗೆ ಬರುತ್ತೇನೆ. ಕೀ ಪಕ್ಕದ ಮನೆಯವರ ಹತ್ತಿರ ಇರುತ್ತದೆ. ಇದನ್ನು ಸಹಾಯ ಕೇಳಲು ಬರೆಯುತ್ತಿಲ್ಲ. ಮೌನಕ್ಕೆ ಕಾರಣ ಕೋಪ ಎಂದು ನೀವು ತಿಳಿಯಬಾರದು ಎಂದಷ್ಟೇ.

ನಾನು ಈ ವರ್ಷ ಬರುವುದಿಲ್ಲ, ಮುಂದೆಯೂ ಬರುವುದಿಲ್ಲ. ಒಬ್ಬಳೇ ಬರುವುದು ಇನ್ನು ನನ್ನಿಂದ ಆಗದು. ಅಮ್ಮನ ಕೋಣೆಯನ್ನು ಪ್ರವಾಸಿಗರಿಗೆ ಕೊಡಿ.

ನಿಮ್ಮ ತಂಗಿ

•

ಏಪ್ರಿಲ್ 21, ಸೋಮವಾರ

ಗುಬ್ಬಿ,

ನನ್ನನ್ನು "ನೀವು" ಎಂದು ಬರೆದಿದ್ದೀಯ. ನೀನು ಮಾತು ಕಲಿತಂದಿನಿಂದ ಇದು ಮೊದಲನೇ ಸಲ. ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನಿನ್ನ ಕಾಗದ ಬಂದ ದಿನ ಅಟ್ಟದಿಂದ ಟ್ರಂಕು ಇಳಿಸಿದೆ. ನಿನ್ನ ಕಾಗದಗಳೆಲ್ಲ ಅದರಲ್ಲಿವೆ, ಒಂದನ್ನೂ ಎಸೆದಿಲ್ಲ. ಎರಡು ದಿನ ಕೂತು ಓದಿದೆ. ನರ್ಸು ಹೊಸ ಪರದೆ ಹೊಲಿದಳು. ನರ್ಸಿಗೆ ಜ್ವರ, ನಾನು ಶಾಲೆಗೆ ಹೋಗಲಿಲ್ಲ. ನರ್ಸಿಗೆ ಕತ್ತಲೆ ಎಂದರೆ ಭಯ, ನಗು ಬರುತ್ತದೆ. ನರ್ಸು ಹೇಳಿದಳು, ನರ್ಸು ನಕ್ಕಳು, ನರ್ಸು ಬೈದಳು. ಅವಳಿಲ್ಲದ ಕಾಗದ ಹುಡುಕಿದೆ, ಒಂದೂ ಸಿಗಲಿಲ್ಲ. ನೀನು ಬಚ್ಚಿಟ್ಟೆ ಎಂದು ನಾನು ಬೈದಿದ್ದೆ. ನೀನು ಇಪ್ಪತ್ತಾರು ವರ್ಷ ಬಿಡದೆ ಹೇಳುತ್ತಲೇ ಇದ್ದೆ. ನಾನು ಅದನ್ನೆಲ್ಲ ಹವಾಮಾನದ ಸುದ್ದಿಯ ಹಾಗೆ ಓದಿ ಮಡಚಿಟ್ಟೆ. ನನಗೆ ನನ್ನ ಮೇಲೇ ಗಾಬರಿಯಾಯಿತು. ಕಣ್ಣು ಇದ್ದೂ ಕುರುಡಿ ಎಂದರೆ ಹೀಗೇ ಇರಬೇಕು.

ಇಷ್ಟು ಸಾಕು. ಈಗ ಇವಕ್ಕೆ ಉತ್ತರ ಬರೆ. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಮುರಿದದ್ದು ಯಾವ ಕಾಲು? ಅವಳು ಎಷ್ಟು ಹೊತ್ತು ಕೂರಬಲ್ಲಳು? ಯಾವ ಮಗ್ಗುಲಿಗೆ ಮಲಗುತ್ತಾಳೆ? ಮೀನು ತಿನ್ನುತ್ತಾಳೆಯೇ?

ಅಕ್ಕ

•

ಏಪ್ರಿಲ್ 25, ಶುಕ್ರವಾರ (ಕಾರ್ಡು)

ಮೆಟ್ಟಿಲು ಐವತ್ತನಾಲ್ಕು, ಮಧ್ಯೆ ಎರಡು ತಿರುವು. ಎಡಗಾಲು. ಒರಗಿಕೊಂಡರೆ ಆರು ಗಂಟೆ ಕೂರುತ್ತಾಳೆ. ಬಲಮಗ್ಗುಲು. ತಿನ್ನುತ್ತಾಳೆ, ಮುಳ್ಳು ತೆಗೆದು ಕೊಡಬೇಕು. ನನಗೇನೂ ತಿಳಿಯುತ್ತಿಲ್ಲ. ಏಕೆ ಕೇಳುತ್ತಿದ್ದೀಯ?

ಗುಬ್ಬಿ

•

ಏಪ್ರಿಲ್ 30, ಬುಧವಾರ, ನಿನ್ನ ಅಡುಗೆಮನೆ

ಗುಬ್ಬಿ,

ಬಾಗಿಲು ತೆರೆದು ಮಂಚ ಖಾಲಿ ಇರುವುದನ್ನು ನೋಡಿ ಕಿರುಚಬೇಡ. ಮೊದಲು ಕೂತುಕೋ. ಆಮೇಲೆ ಓದು.

ಬೆಳಿಗ್ಗೆ ಹತ್ತೂವರೆಗೆ ಇಲ್ಲಿ ಬಂದು ತಲುಪಿದೆ. ನಾನು ಬಂದರು ಬಿಟ್ಟು ಹೊರಗೆ ಹೋಗಿ ಹದಿನಾಲ್ಕು ವರ್ಷವಾಗಿತ್ತು. ಕೌಂಟರಿನ ಕೀಗಳನ್ನು ಸೊಸೆಯ ಕೈಗೆ ಕೊಟ್ಟಾಗ ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಪಕ್ಕದ ಮನೆಯವಳು ಬಾಗಿಲು ತೆಗೆದಳು. ಒಳಗಿನಿಂದ "ಯಾರು?" ಎಂದು ದನಿ ಬಂತು. ಪೊಲೀಸರಿಗೂ ಹೆದರದವಳು ನಿನ್ನ ಮಲಗುವ ಕೋಣೆಯ ಹೊಸ್ತಿಲಲ್ಲಿ ನಿಂತು ಬೆವರಿದೆ.

"ಇನ್‌ಸ್ಪೆಕ್ಟರ್," ಎಂದೆ.

ಅವಳು ದಂಗಾಗಿ ಎದ್ದು ಕೂರಲು ಹೋಗಿ ನೋವಿನಿಂದ "ಅಮ್ಮಾ" ಎಂದಳು. ಅವಳನ್ನು ನೋಡಿದೆ. ನನಗಿಂತ ಚಿಕ್ಕವಳು, ಬೆಳ್ಳಗೆ ನರೆತ ಜಡೆ, ದೊಡ್ಡ ಕೈಗಳು. ಬೆಳಿಗ್ಗೆ ನೀನು ಇಟ್ಟ ಬ್ರೆಡ್ಡು ಹಾಗೇ ಇತ್ತು. ನಾನು ಬೈದೆ. ಅವಳೂ ಬೈದಳು, ಮಂಡಿ ನೋವಿಗೆ ಮುಲಾಮು ಬೇಡ ಅಂದದ್ದು ಏಕೆ, ಹಟ ಯಾರಿಗೆ ಬೇಕು, ಎಂದು. ನನಗೆ ಎದುರು ಮಾತಾಡುವವರು ಈಚೆಗೆ ಯಾರೂ ಇರಲಿಲ್ಲ.

ಒಂದು ವಿಷಯ ತಿಳಿದುಕೋ. ನನಗೆ ಇದೆಲ್ಲ ಅರ್ಥವಾಗಿದೆ ಎಂದು ಭಾವಿಸಬೇಡ. ಅರ್ಥವಾಗಿಲ್ಲ. ನಾನು ಬೆಳೆದ ರೀತಿ ಬೇರೆ, ಈ ವಯಸ್ಸಿನಲ್ಲಿ ತಲೆ ಅಷ್ಟು ಬೇಗ ತಿರುಗುವುದಿಲ್ಲ. ಆದರೆ ದಿನಕ್ಕೆ ಒಂಬತ್ತು ಗಂಟೆ ಒಬ್ಬಳು ಹೆಂಗಸು ಕಾಲು ಮುರಿದುಕೊಂಡು ಮೂರನೇ ಮಹಡಿಯಲ್ಲಿ ಒಂಟಿಯಾಗಿ ಬಿದ್ದಿದ್ದಾಳೆ, ನನ್ನ ಮನೆಯಲ್ಲಿ ಸಮುದ್ರದ ಕಡೆಯ ಕೋಣೆ ಬೀಗ ಹಾಕಿ ಕೂತಿದೆ ಎಂಬುದು ಅರ್ಥವಾಗುತ್ತದೆ. ಅದಕ್ಕೆ ಹೈಸ್ಕೂಲು ಸಾಕು.

ನಾನು ಕರೆದುಕೊಂಡು ಹೋಗುತ್ತೇನೆ ಎಂದಾಗ ಅವಳು, "ಅವಳನ್ನ ಕೇಳ್ದೆ ನಾನು ಬರೋದಿಲ್ಲ," ಎಂದಳು.

"ಇಪ್ಪತ್ತಾರು ವರ್ಷ ನನ್ನನ್ನ ಕೇಳ್ದೆ ನನ್ನ ತಂಗೀನ ಇಟ್ಕೊಂಡಿದ್ದೀಯ," ಎಂದೆ. "ನಾನು ಎರಡು ತಿಂಗಳು ಅವಳನ್ನ ಕೇಳ್ದೆ ನಿನ್ನ ಇಟ್ಕೊಳ್ಳಬಾರ್ದಾ?"

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಅತ್ತಳೋ ನಕ್ಕಳೋ ನನಗೆ ಕಾಣಲಿಲ್ಲ, ನಾನು ಬಟ್ಟೆ ಮಡಚುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ, "ಮಂಚದಿಂದಲೇ ಸಮುದ್ರ ಕಾಣುತ್ತಾ?" ಎಂದು ಕೇಳಿದಳು. "ಕಾಣೋ ಹಾಗೆ ಮಂಚ ತಿರುಗಿಸಿಟ್ಟು ಬಂದಿದ್ದೀನಿ," ಎಂದೆ. "ಹಾಗಾದ್ರೆ ಆ ನೀಲಿ ಚೀಲ ತಗೊಳ್ಳಿ," ಎಂದಳು.

ನಿನ್ನ ಚಿಂತೆ ನನಗೆ ಗೊತ್ತು: ಸಂಘ ಏನನ್ನುತ್ತದೆ? ಭಾನುವಾರ ಸಭೆ ಇತ್ತು. ನಮ್ಮ ಮನೆ ಆ ಪಟ್ಟಿಯಲ್ಲಿ ಇರಬಾರದು, ಇದ್ದರೆ ಅಧ್ಯಕ್ಷೆ ಇಳಿಯಬೇಕು ಎಂದು ಕಾರ್ಯದರ್ಶಿ ನಿರ್ಣಯ ತಂದ. ಮನೆ ಪಟ್ಟಿಯಲ್ಲಿ ಇರುತ್ತದೆ ಎಂದೆ. ನಾನು ಇಳಿದೆ. ಅವನಂತೂ ಭಾಷಣಕ್ಕೆ ಮೂರು ಪುಟ ಬರೆದುಕೊಂಡು ಬಂದಿದ್ದ, ಪಾಪ, ಓದಲು ಅವಕಾಶವೇ ಸಿಗಲಿಲ್ಲ. ಹನ್ನೊಂದು ವರ್ಷದ ಕುರ್ಚಿ. ಬೇಸರವಾಗಲಿಲ್ಲ ಎಂದು ಸುಳ್ಳು ಬರೆಯಲಾರೆ. ಬೋರ್ಡಿನ ಹೊಸ ಸಾಲು ಕಾಣದ ಹಾಗೆ ಬಣ್ಣ ಬಳಿಸಿದ್ದೇನೆ. ಪೋಸ್ಟ್‌ಮಾಸ್ಟರಿಗೂ ಒಂದು ಕಾಗದ ಹಾಕಿದ್ದೇನೆ, ತಪ್ಪಾಯಿತು ಎಂದು. ಉತ್ತರ ಬಂದಿಲ್ಲ. ಬರದೆಯೂ ಇರಬಹುದು.

ಹಾಲನ್ನು ಪಕ್ಕದ ಮನೆಯವಳಿಗೆ ಕೊಟ್ಟಿದ್ದೇನೆ. ಗ್ಯಾಸು ಆರಿಸಿದೆ. ಅವಳ ಮಾತ್ರೆಗಳು, ಎಕ್ಸ್‌ರೇ, ಕೋಲು, ಒಂದು ದಿಂಬು ತೆಗೆದುಕೊಂಡಿದ್ದೇವೆ. ಶನಿವಾರ ಕೊನೆಯ ಪರೀಕ್ಷೆ ಮುಗಿದ ಕೂಡಲೇ ರೈಲು ಹತ್ತು. ಉತ್ತರಪತ್ರಿಕೆಗಳನ್ನು ತಂದು ಅಲ್ಲೇ ತಿದ್ದು, ಕಿಟಕಿಯ ಹತ್ತಿರ ಮೇಜು ಹಾಕಿಸುತ್ತೇನೆ. ಇಬ್ಬರಿಗೂ ಒಂದೇ ಕೋಣೆ.

ಸ್ಟೇಷನ್ನಿನಿಂದ ಇಬ್ಬರು ಪೋರ್ಟರುಗಳನ್ನು ಕರೆತಂದಿದ್ದೆ. ನಿನ್ನ ಬೆತ್ತದ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಎತ್ತಿದ್ದಾರೆ. ಮೊದಲ ತಿರುವಿನಲ್ಲಿ ನಿಂತು ನನ್ನನ್ನು ಕೂಗುತ್ತಿದ್ದಾರೆ. ಎಡಗಾಲು ಗೋಡೆಗೆ ತಾಗೀತು ಎಂದು ನಾನು ಅಡುಗೆಮನೆಯಿಂದಲೇ ಅವರಿಗೆ ಬೈಯುತ್ತಾ ಇದನ್ನು ಬರೆಯುತ್ತಿದ್ದೇನೆ. ಎರಡೂವರೆಯ ರೈಲು. ನೀನು ಇದನ್ನು ಓದುವ ಹೊತ್ತಿಗೆ ನಾವು ಅರ್ಧ ದಾರಿ ಹೋಗಿರುತ್ತೇವೆ.

ಅಕ್ಕ